ಸಹಾಯ ಬೇಕು: ಕಾಕಾನ ಬೀಡಿ ಬಿಡಿಸಬೇಕು, ಹುಬ್ಬಳ್ಳಿ-ಧಾರವಾಡದಲ್ಲಿ ಎಲ್ಲಿ ತೋರಿಸಲಿ?

ನಮಸ್ಕಾರ ಎಲ್ರಿಗೂ. ನಮ್ಮ ಕಾಕಾ ಹರೆಯದಿಂದಲೂ ಬೀಡಿ ಸೇದುತ್ತಾರೆ. ಈಗ ಬೆಳಗ್ಗೆ ಕೆಮ್ಮು ಶುರುವಾದರೆ ಚಹಾದ ಕಪ್ ಹಿಡಿಯೋಕೂ ಆಗಲ್ಲ. ಒಣ ತಂಬಾಕು ಸುಡದೆ ಬರೀ ಬಿಸಿ ಮಾಡಿ ಆವಿ ಎಳೆಯೋ ಪುಟ್ಟ ಮಷಿನ್ ಬಂದಿದೆ, ಅದರಲ್ಲಿ ಹೊಗೆನೇ ಇಲ್ಲ ಅಂತ ಯಾರೋ ಹೇಳಿದ್ದಾರೆ, ಅದನ್ನೇ ತರಿಸಿಕೊಡು ಅಂತ ನನ್ನ ಬೆನ್ನು ಹತ್ತಿದ್ದಾರೆ. ಆದರೆ 2019ರ ಕಾಯ್ದೆಯಲ್ಲಿ ಇ-ಸಿಗರೇಟ್ ಜೊತೆ ಇದನ್ನೂ ನಿಷೇಧಿಸಿದ್ದಾರೆ, ಮಾರೋ ಹಾಗಿಲ್ಲ, ಹೊರದೇಶದಿಂದ ತರಿಸೋ ಹಾಗೂ ಇಲ್ಲ. ಅದರಲ್ಲೂ ನಿಕೋಟಿನ್ ಇದ್ದೇ ಇರುತ್ತದೆ, ಚಟ ಎಲ್ಲಿ ಹೋಗುತ್ತೆ? ಹಾಗಾಗಿ ಮಷಿನ್ ಎಲ್ಲಿ ಸಿಗುತ್ತೆ ಅಂತ ದಯವಿಟ್ಟು ಹೇಳಬೇಡಿ.

ಬೀಡಿ ಬಿಡಿಸೋಕೆ ಅಂತ ಜಗಿಯೋ 2 ಮಿ.ಗ್ರಾಂ ನಿಕೋಟಿನ್ ಗಮ್ ತಂದುಕೊಟ್ಟೆ. ಅವರು ಎಲೆ-ಅಡಿಕೆ ಥರ ಗಬಗಬ ಜಗಿದು ರಸ ನುಂಗಿದರು, ಗಂಟಲು ಉರಿ, ಬಿಕ್ಕಳಿಕೆ. ನಿಧಾನ ಜಗಿದು, ಚುರುಚುರು ಅಂದಾಗ ದವಡೆಯಲ್ಲಿ ಒತ್ತಿಟ್ಟುಕೊಳ್ಳಬೇಕಂತೆ. ಆಮೇಲೆ ಅವರು ಮುಟ್ಟಲೇ ಇಲ್ಲ.

ಹುಬ್ಬಳ್ಳಿಯ ಕಿಮ್ಸ್ ಆಸ್ಪತ್ರೆ ಅಥವಾ ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್‌ನಲ್ಲಿ ಯಾರಾದರೂ ತೋರಿಸಿದ್ದೀರಾ? ಯಾವ ವಿಭಾಗಕ್ಕೆ ಚೀಟಿ ಮಾಡಿಸಬೇಕು? ತಂಬಾಕು ಬಿಡಿಸೋ ಸಹಾಯವಾಣಿ 1800-11-2356ಕ್ಕೆ ಫೋನ್ ಮಾಡಿದವರು ಇದ್ದರೆ, ಅಲ್ಲಿನವರು ವಯಸ್ಸಾದವರ ಜೊತೆ ಸಮಾಧಾನವಾಗಿ ಮಾತಾಡುತ್ತಾರಾ ಹೇಳಿ. ಕಾಕಾ ಈಗ ಒಪ್ಪಿದ್ದಾರೆ, ಈ ವಾರದಲ್ಲೇ ಕರೆದುಕೊಂಡು ಹೋಗಬೇಕು.