ವಿಷಯ: ಗ್ಲೇಸಿಯರ್‌ಗೆ ‘ಹಿಮನದಿ’ ಸಾಕೇ? ನಾಳೆ ಮಧ್ಯಾಹ್ನದೊಳಗೆ ಫಲಕಕ್ಕೆ ಬೇಕು

(ಧಾರವಾಡದಿಂದ)

ಮಾನ್ಯರೇ,

ಮುಂದಿನ ವಾರ ಧಾರವಾಡದಲ್ಲಿ ಭೂಗೋಳದ ಅಧ್ಯಾಪಕರಿಗಾಗಿ ಎರಡು ದಿನಗಳ ಕಾರ್ಯಾಗಾರವೊಂದು ನಡೆಯಲಿದ್ದು, ಉಪಗ್ರಹ ಚಿತ್ರಗಳಲ್ಲಿ ಹಿಮಾಲಯದ ಗ್ಲೇಸಿಯರ್‌ಗಳ ಅಂಚನ್ನು ಗುರುತಿಸಿ ನಕ್ಷೆ ಮಾಡುವುದನ್ನು ಅಲ್ಲಿ ಕಲಿಸಲಾಗುತ್ತದೆ. ಫಲಕದ ಬರಹವೂ ಕೈಪಿಡಿಯ ಅನುವಾದವೂ ನನ್ನ ಪಾಲಿಗೆ ಬಂದಿವೆ. ಕೈಪಿಡಿಗೆ ಇನ್ನೂ ನಾಲ್ಕು ದಿನಗಳಿವೆ. ಫಲಕದ ಬರಹ ಮಾತ್ರ ನಾಳೆ ಮಧ್ಯಾಹ್ನದೊಳಗೆ ಹುಬ್ಬಳ್ಳಿಯ ಫ್ಲೆಕ್ಸ್ ಅಂಗಡಿಗೆ ಹೋಗಬೇಕು. ಸದ್ಯಕ್ಕೆ ಹೀಗೆ ಬರೆದಿದ್ದೇನೆ: ‘ಉಪಗ್ರಹ ದೂರಸಂವೇದನೆಯಿಂದ ಹಿಮನದಿಗಳ ನಕ್ಷೀಕರಣ: ಕಾರ್ಯಾಗಾರ’. ದೂರಸಂವೇದನೆಯೆಂದರೆ ಇಂಗ್ಲಿಷಿನ ರಿಮೋಟ್ ಸೆನ್ಸಿಂಗ್.

‘ಹಿಮನದಿ’ ಶಾಲೆಯ ಪುಸ್ತಕಗಳಲ್ಲಿ ನೆಲೆಯೂರಿದ ಪದವೆಂಬುದು ನನಗೆ ಗೊತ್ತಿದೆ. ಆದರೆ ಕೈಪಿಡಿಯನ್ನು ಅನುವಾದಿಸುವಾಗ ಅದು ಹೆಜ್ಜೆಹೆಜ್ಜೆಗೂ ತೊಡಕಾಗುತ್ತಿದೆ. ನಕ್ಷೆಯಲ್ಲಿ ನದಿಯನ್ನು ಗೆರೆಯಾಗಿ ಎಳೆಯುತ್ತೇವೆ, ಗ್ಲೇಸಿಯರನ್ನು ಚದರ ಕಿಲೋಮೀಟರುಗಳಲ್ಲಿ ಅಳೆಯುವ ಹರವಾಗಿ ಬಿಡಿಸುತ್ತೇವೆ. ‘ಗಂಗೋತ್ರಿ ಹಿಮನದಿಯ ಕೊನೆಯಲ್ಲಿ ಭಾಗೀರಥಿ ನದಿ ಹುಟ್ಟುತ್ತದೆ’ ಎಂದು ಬರೆದರೆ, ನದಿಯ ಕೊನೆಯಲ್ಲಿ ಇನ್ನೊಂದು ನದಿ ಹುಟ್ಟುವುದು ಹೇಗೆಂದು ಓದುಗ ಕೇಳುತ್ತಾನೆ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಸಂಸ್ಥೆ ನಮ್ಮ ಹಿಮಾಲಯದಲ್ಲಿ 9,575 ಗ್ಲೇಸಿಯರ್‌ಗಳನ್ನು ಎಣಿಸಿದೆ. ಅಷ್ಟು ‘ನದಿ’ಗಳೆಂದರೆ ನನಗೇ ನಂಬಿಕೆ ಬರುವುದಿಲ್ಲ.

ಇದಕ್ಕಿಂತ ದೊಡ್ಡ ತೊಡಕು ‘ಹಿಮ’ದ್ದು. ಬಿದ್ದ ಹಿಮವೂ ಹಳೆಯ ಮಂಜುಗಡ್ಡೆಯೂ ಹಸಿರು ಬೆಳಕನ್ನು ಹೆಚ್ಚು ಪ್ರತಿಫಲಿಸಿ, ಕಿರುತರಂಗದ ಅವಕೆಂಪು ಕಿರಣಗಳನ್ನು ಹೀರಿಕೊಳ್ಳುತ್ತವೆ. ಈ ಎರಡು ಬಗೆಯ ಬೆಳಕಿನ ಪ್ರತಿಫಲನಗಳ ವ್ಯತ್ಯಾಸವನ್ನು ಅವುಗಳ ಮೊತ್ತದಿಂದ ಭಾಗಿಸಿದಾಗ ಬರುವ ಬೆಲೆ ಸುಮಾರು 0.4ನ್ನು ದಾಟಿದ ಕಡೆಯೆಲ್ಲ ಹಿಮವಿದೆಯೆಂದು ಗಣಕ ಹೇಳುತ್ತದೆ. ಹಿಂದಿನ ವಾರ ಬಿದ್ದು ಮುಂದಿನ ವಾರ ಕರಗುವ ಹಿಮವೂ ಈ ಜರಡಿಯಲ್ಲಿ ನಿಲ್ಲುತ್ತದೆಯಾದ್ದರಿಂದಲೇ, ಕರಗುವ ಋತು ಮುಗಿಯುವ ಆಗಸ್ಟ್-ಸೆಪ್ಟೆಂಬರಿನ ಮೋಡವಿಲ್ಲದ ಚಿತ್ರಗಳನ್ನು ಆರಿಸಿಕೊಳ್ಳುತ್ತಾರೆ. ಇದನ್ನು ವಿವರಿಸುವ ಒಂದೇ ಪರಿಚ್ಛೇದದಲ್ಲಿ ನಾನು ‘ಹಿಮ’ ಎಂಬ ಪದವನ್ನು ಎರಡು ಬೇರೆ ವಸ್ತುಗಳಿಗೆ ಬಳಸಿದ್ದೇನೆಂದು ಇಂದು ಬೆಳಿಗ್ಗೆ ಕಣ್ಣಿಗೆ ಬಿತ್ತು.

ಕೊನೆಯದಾಗಿ, ರಾಜ್ಯದ ರಿಮೋಟ್ ಸೆನ್ಸಿಂಗ್ ಕೇಂದ್ರದ ಕನ್ನಡ ಹೆಸರಿನಲ್ಲಿ ‘ದೂರ ಸಂವೇದಿ’ ಎಂದಿದೆ. ಫಲಕಕ್ಕೆ ಸಂವೇದಿಯೋ ಸಂವೇದನೆಯೋ?

(ಹುಬ್ಬಳ್ಳಿಯಿಂದ)

‘ಹಿಮಾನಿ’ ಎಂದು ಬರೆಯಿರಿ, ಚರ್ಚೆ ಮುಗಿಯುತ್ತದೆ. ಹಿಮ ಮತ್ತು ಅರಣ್ಯ ಶಬ್ದಗಳಿಗೆ ದೊಡ್ಡದೆಂಬ ಅರ್ಥದಲ್ಲಿ ‘ಆನೀ’ ಬರುತ್ತದೆಂದು ಪಾಣಿನಿಯ ಸೂತ್ರದ ಮೇಲಿನ ವಾರ್ತಿಕವೇ ಹೇಳಿದೆ. ಮಹಾರಣ್ಯ ಅರಣ್ಯಾನಿಯಾದಂತೆ ಮಹಾಹಿಮ ಹಿಮಾನಿ. ಹಿಮಾನಿಯೆಂದರೆ ಹಿಮಸಂಹತಿ, ಅಂದರೆ ಹಿಮದ ರಾಶಿ, ಎಂದು ಅಮರಕೋಶದಲ್ಲಿದೆ. ಇಂಗ್ಲಿಷಿನ ಗ್ಲೇಸಿಯರ್ ಕೂಡ ಲ್ಯಾಟಿನ್ನಿನ ಗಡ್ಡೆಯ ಹೆಸರಿನಿಂದ ಹುಟ್ಟಿದ್ದು, ಅದರಲ್ಲಿ ನದಿಯ ಸುಳಿವೇ ಇಲ್ಲ. ಸಿದ್ಧವಾಗಿರುವ ಪದವನ್ನು ಬಿಟ್ಟು ಇಲ್ಲದ ನದಿಯನ್ನು ಹರಿಸುವುದೇಕೆ?

‘ಸಂವೇದಿ’ ಎಂಬುದು ಸಂವೇದಿಸುವವನಿಗೆ ಸಲ್ಲುವ ಪದ. ಕ್ರಿಯೆಗೆ ‘ಸಂವೇದನೆ’ಯೇ ಸರಿ. ಧಾರವಾಡದ ಮಂದಿ ಫಲಕ ನೋಡಿ ಕವಿಗೋಷ್ಠಿಯೆಂದು ಬಂದು ಕುಳಿತರೆ ಅದಕ್ಕೆ ವ್ಯಾಕರಣ ಹೊಣೆಯಲ್ಲ.

(ಗದಗದಿಂದ)

ಕೇಳಿದವರು ಕನ್ನಡದ ಪದ ಕೇಳಿದರು, ಉತ್ತರವಾಗಿ ಪಾಣಿನಿ ಬಂದ. ‘ಹಿಮಾನಿ’ ಇಂದು ಹಿಂದಿಯ ಭೂಗೋಳದ ಪುಸ್ತಕಗಳ ಪದ, ಜೊತೆಗೆ ಹೆಣ್ಣುಮಕ್ಕಳ ಹೆಸರು. ಫಲಕದಲ್ಲಿ ‘ಹಿಮಾನಿಯ ನಕ್ಷೆ’ ಎಂದು ಬರೆದರೆ ಯಾರ ಮನೆಯ ನಕ್ಷೆಯೆಂದು ಜನ ಕೇಳುತ್ತಾರೆ. ‘ನಕ್ಷೀಕರಣ’ವಂತೂ ಇನ್ನೂ ಸೊಗಸಾಗಿದೆ: ಅರಬ್ಬಿಯ ನಕ್ಷೆಗೆ ಸಂಸ್ಕೃತದ ಬಾಲ ಕಟ್ಟಿ ಅದನ್ನು ಕನ್ನಡವೆಂದು ಮೆರೆಸುತ್ತೀರಿ. ಸಂಸ್ಕೃತವನ್ನೂ ಕನ್ನಡವನ್ನೂ ಅರಿಯದೆ ಸಮಾಸದಲ್ಲಿ ಬೆರೆಸಿದರೆ ಕುದಿಯುವ ಹಾಲಿಗೆ ಮಜ್ಜಿಗೆಯ ಹನಿ ಬಿದ್ದಂತೆ ಕೆಡುತ್ತದೆಂದು ಕವಿರಾಜಮಾರ್ಗ ಎಚ್ಚರಿಸಿತ್ತು. ಅದೇ ಕೃತಿ ತಿರುಳ್ಗನ್ನಡದ ಎಲ್ಲೆಯಲ್ಲಿ ಹೆಸರಿಸಿದ ಪುಲಿಗೆರೆ, ಅಂದರೆ ಇಂದಿನ ಲಕ್ಷ್ಮೇಶ್ವರ, ನಮ್ಮ ಜಿಲ್ಲೆಯಲ್ಲೇ ಇದೆಯಾದ್ದರಿಂದ ಈ ಮಾತನ್ನು ನಾನು ಹೇಳಲೇಬೇಕಾಗಿದೆ.

ಗ್ಲೇಸಿಯರ್‌ಗೆ ‘ಹೆಪ್ಪುಹೊಳೆ’ ಎನ್ನಿ. ಅದು ಬೇಡವೆಂದಾದರೆ ‘ಮಂಜುಹೊಳೆ’ ಎನ್ನಿ. ಎರಡರಲ್ಲಿಯೂ ಹೊರಗಿನ ಒಂದಕ್ಷರವಿಲ್ಲ.

(ಹುಬ್ಬಳ್ಳಿಯಿಂದ)

ಹಾಲಿಗೆ ಮಜ್ಜಿಗೆಯ ಹನಿ ಬೇಡವೆಂದವರು ಹೊಳೆಗೇ ಹೆಪ್ಪು ಹಾಕಲು ಹೊರಟಿದ್ದಾರೆ. ‘ನಮ್ಮ ಜಿಲ್ಲೆ’ ಎಂದು ಅಭಿಮಾನದಿಂದ ಬರೆದಿದ್ದೀರಲ್ಲ, ಆ ಜಿಲ್ಲೆ ಎಲ್ಲಿಂದ ಬಂದ ಪದವೆಂದು ಒಮ್ಮೆ ನೋಡಿಕೊಳ್ಳಿ.

(ಹಾವೇರಿಯಿಂದ)

ಹಿರಿಯರಿಬ್ಬರ ಕ್ಷಮೆ ಕೋರಿ ಬರೆಯುತ್ತಿದ್ದೇನೆ. ಪ್ರೌಢಶಾಲೆಯಲ್ಲಿ ಇಪ್ಪತ್ತೆಂಟು ವರ್ಷ ವಿಜ್ಞಾನ ಕಲಿಸಿದವನು ನಾನು. ನಮ್ಮ ಕಡೆ ಮಂಜು ಎಂದರೆ ಮಾವಿನ ಹೂವನ್ನು ಉದುರಿಸುವ ಬೆಳಗಿನ ಮಂಜು. ಅದು ಕೈಗೆ ಸಿಗುವ ವಸ್ತುವಲ್ಲ, ಬಿಸಿಲೇರಿದರೆ ಇರುವುದೂ ಇಲ್ಲ. ‘ಮಂಜುಹೊಳೆ’ ಎಂದರೆ ಚಳಿಗಾಲದ ನಸುಕಿನಲ್ಲಿ ಮಂಜು ಕವಿದ ವರದಾ ಹೊಳೆಯನ್ನೇ ನಮ್ಮ ಮಕ್ಕಳು ನೆನೆಯುತ್ತಾರೆ. ಗಡ್ಡೆಗೆ ನಮ್ಮ ಪೇಟೆಯಲ್ಲಿರುವ ಪದ ‘ಬರ್ಫ’. ಅದು ಪಾರಸಿಯದ್ದೆಂದು ಗದಗದವರು ಮುನಿಯಬಹುದು. ಆದರೆ ಕಬ್ಬಿನ ಹಾಲಿನ ಅಂಗಡಿಯಲ್ಲಿ ಅದಕ್ಕೆ ಬೇರೆ ಹೆಸರಿಲ್ಲ. ಬೇಸಿಗೆಯ ಮಳೆಯಲ್ಲಿ ಬೀಳುವ ಆಣೆಕಲ್ಲನ್ನು ಬಿಟ್ಟರೆ ಆಕಾಶದಿಂದ ಬಿದ್ದ ಗಟ್ಟಿ ನೀರನ್ನು ನಮ್ಮ ಮಕ್ಕಳು ಕಂಡವರಲ್ಲ. ಆದ್ದರಿಂದ ಹಿಮವನ್ನು ಬಿದ್ದದ್ದಕ್ಕೂ ಮಂಜುಗಡ್ಡೆಯನ್ನು ಒತ್ತಿ ಗಟ್ಟಿಯಾದದ್ದಕ್ಕೂ ಮೀಸಲಿಟ್ಟು, ಕೈಪಿಡಿಯ ಮೊದಲ ಪುಟದಲ್ಲೇ ಇದನ್ನು ಹೇಳಿಬಿಟ್ಟರೆ ತೊಡಕು ಅರ್ಧ ನೀಗುತ್ತದೆ.

ನದಿಯ ವಿಷಯಕ್ಕೆ ಬಂದರೆ, ಚೀನೀ ಮತ್ತು ಜಪಾನೀ ಭಾಷೆಗಳು ಕೂಡ ಇದನ್ನು ಗಡ್ಡೆಯ ನದಿ ಎಂದೇ ಕರೆಯುತ್ತವೆ. ಹಿಮನದಿ ಎಂಬುದು ನಾವು ಮಾತ್ರ ಮಾಡಿಕೊಂಡ ಎಡವಟ್ಟಲ್ಲ.

(ಗದಗದಿಂದ)

ಚೀನಾದವರು ತಮ್ಮ ಭಾಷೆಯ ಪದಗಳಿಂದ ಕಟ್ಟಿಕೊಂಡರು. ನಾನು ಹೇಳುತ್ತಿರುವುದೂ ಅದನ್ನೇ. ಆಣೆಕಲ್ಲು, ಇಬ್ಬನಿ, ಮಂಜು ಎಂದು ನೀರಿನ ಇಷ್ಟು ರೂಪಗಳಿಗೆ ಹೆಸರಿಟ್ಟ ಭಾಷೆ ಇನ್ನೊಂದಕ್ಕೆ ಹೆಸರಿಡಲಾರದೇ?

(ಧಾರವಾಡದಿಂದ)

ಎಲ್ಲರಿಗೂ ವಂದನೆಗಳು. ಫಲಕದ ಬರಹವನ್ನು ಕಳಿಸಿದ್ದಾಯಿತು.

‘ಹಿಮಾನಿ’ ನನಗೆ ತುಂಬ ಹಿಡಿಸಿತ್ತು, ರಾತ್ರಿ ಹನ್ನೊಂದರವರೆಗೆ ಅದನ್ನೇ ಇಟ್ಟುಕೊಂಡಿದ್ದೆ. ಆದರೆ ಕಾರ್ಯಾಗಾರದಲ್ಲಿ ಪಾಠ ಹೇಳಲಿರುವವರನ್ನು ಫೋನಿನಲ್ಲಿ ಕೇಳಿದಾಗ ಅವರು ಹೇಳಿದ ಮಾತು ನನ್ನ ಪ್ರಶ್ನೆಯನ್ನೇ ತಿರುಗಿಸಿತು. ಹಿಮ ವರ್ಷಗಟ್ಟಲೆ ಒಂದರ ಮೇಲೊಂದು ಒತ್ತಿ ಗಡ್ಡೆಯಾಗಿ, ತನ್ನ ಭಾರಕ್ಕೆ ತಾನೇ ಇಳಿಜಾರಿನಲ್ಲಿ ಹರಿಯತೊಡಗಿದರೆ ಮಾತ್ರ ಅದು ಗ್ಲೇಸಿಯರ್. ಎಷ್ಟೇ ದೊಡ್ಡದಿರಲಿ, ಚಲಿಸದೆ ನಿಂತ ರಾಶಿಗೆ ಆ ಹೆಸರಿಲ್ಲ. ಬೇರೆಬೇರೆ ದಿನಗಳ ಎರಡು ಚಿತ್ರಗಳಲ್ಲಿ ಮೇಲ್ಮೈಯ ಗುರುತುಗಳು ಎಷ್ಟು ಸರಿದಿವೆಯೆಂದು ಹೋಲಿಸಿ ಆ ಹರಿವಿನ ವೇಗವನ್ನೂ ಅಳೆಯುತ್ತಾರೆ. ಹಾಗಿದ್ದಮೇಲೆ ಹಿಮಸಂಹತಿ ಎಂಬರ್ಥದ ‘ಹಿಮಾನಿ’ಯಲ್ಲಿ ಇಲ್ಲದ್ದು ‘ಹಿಮನದಿ’ಯಲ್ಲಿದೆ. ಸುಮಾರು 30 ಕಿಲೋಮೀಟರ್ ಉದ್ದದ ಗಂಗೋತ್ರಿಯನ್ನು ನದಿಯೆನ್ನಲು ನನಗೀಗ ಅಳುಕಿಲ್ಲ. ನಕ್ಷೆಯಲ್ಲಿ ಅದು ಹರವಾಗಿ ಕಾಣುವುದಕ್ಕೆ ಪದವನ್ನು ದೂರಿ ಪ್ರಯೋಜನವಿಲ್ಲ.

ಕೈಪಿಡಿಗೆ ಹಾವೇರಿಯ ಗುರುಗಳು ಹೇಳಿದ ವಿಂಗಡಣೆಯನ್ನೇ ಅನುಸರಿಸುತ್ತೇನೆ. ಹಿಮನದಿಯ ಕೆಳತುದಿಗೆ ‘ಮೂತಿ’ ಎಂದು ಬರೆಯುತ್ತೇನೆ. ಗಂಗೋತ್ರಿಯ ಮೂತಿಗೆ ಗೋಮುಖವೆಂಬ ಹೆಸರಿರುವಾಗ ಹಿಂಜರಿಯಬೇಕಾಗಿಲ್ಲ. ಬದಿಯ ಬೆಟ್ಟಗಳಿಂದ ಉರುಳಿದ ಕಲ್ಲುಮಣ್ಣು ಹೊದ್ದ ಹಿಮನದಿಯನ್ನು ‘ಗರಸು ಮುಚ್ಚಿದ ಹಿಮನದಿ’ ಎಂದಿದ್ದೇನೆ. ಮೇಲೆ ಹೇಳಿದ ಜರಡಿ ಕೈಕೊಡುವುದು ಇಲ್ಲಿಯೇ: ಗರಸಿನ ಹೊದಿಕೆ ಸುತ್ತಲಿನ ಬಂಡೆಯಂತೆಯೇ ಕಾಣುವುದರಿಂದ ಅಂಚನ್ನು ಪರಿಣತರು ಕೈಯಿಂದಲೇ ಎಳೆಯಬೇಕಾಗುತ್ತದೆ. ಇನ್ನು ಡೋಕ್ರಿಯಾನಿ ಬಾಮಕ್, ಛೋಟಾ ಶಿಗ್ರಿ ಮುಂತಾದ ಹೆಸರುಗಳಲ್ಲಿ ಬಾಮಕ್, ಶಿಗ್ರಿ ಎಂಬುವು ಗಢವಾಲ ಮತ್ತು ಲಾಹೌಲದ ಜನ ಹಿಮನದಿಗೇ ಹೇಳುವ ಪದಗಳಾದ್ದರಿಂದ, ಮುಂದೆ ಮತ್ತೆ ಹಿಮನದಿ ಸೇರಿಸಿದರೆ ‘ನಡುಮಧ್ಯ’ ಎಂದಂತಾಗುತ್ತದೆ. ಅವನ್ನು ಹಾಗೆಯೇ ಬಿಟ್ಟಿದ್ದೇನೆ.

ಗದಗದವರ ಮಾತಿಗೆ ಮನ್ನಣೆಯಿತ್ತು ‘ನಕ್ಷೀಕರಣ’ವನ್ನು ತೆಗೆದಿದ್ದೇನೆ, ನಕ್ಷೆಯನ್ನು ತೆಗೆಯಲಾಗಲಿಲ್ಲ. ಫಲಕದಲ್ಲಿ ಈಗಿರುವುದು: ‘ಹಿಮನದಿಗಳ ನಕ್ಷೆ ಬಿಡಿಸುವ ಬಗೆ: ಉಪಗ್ರಹ ದೂರಸಂವೇದನೆಯ ಕಾರ್ಯಾಗಾರ’.

(ಗದಗದಿಂದ)

‘ಬಿಡಿಸುವ ಬಗೆ’ ಚೆನ್ನಾಗಿದೆ. ಆದರೆ ‘ಕಾರ್ಯಾಗಾರ’ವನ್ನು ಹಾಗೆಯೇ ಬಿಟ್ಟಿದ್ದೀರಿ. ‘ಕಮ್ಮಟ’ ಇರಲಿಲ್ಲವೇ?

(ಹುಬ್ಬಳ್ಳಿಯಿಂದ)

ಕಮ್ಮಟವೆಂದರೆ ಟಂಕಸಾಲೆ. ಅಧ್ಯಾಪಕರು ನಾಣ್ಯ ಹೊಡೆಯಲು ಬರುತ್ತಿಲ್ಲ.