ಅಪ್‌ಡೇಟ್: ಹಳೇ ಗೀಸರ್ ಕೊನೆಗೂ ಬದಲಿಸಿದೆವು

ಹೋದ ವಾರ ಕೇಳಿದ್ದೆ: ಕಲಬುರಗಿಯ ನಮ್ಮ ಮನೆಯ 25 ಲೀಟರ್ ಗೀಸರ್‌ಗೆ 11 ವರ್ಷ ಆಗಿದೆ, ನೀರು ಉಗುರುಬೆಚ್ಚಗೆ ಬರುತ್ತಿದೆ, ಕೆಳಗೆ ಹನಿ ಬೀಳುತ್ತಿದೆ, ರಿಪೇರಿ ಮಾಡಿಸಲಾ, ಹೊಸದು ತರಲಾ ಅಂತ. ಉತ್ತರ ಕೊಟ್ಟ ಎಲ್ಲರಿಗೂ ಥ್ಯಾಂಕ್ಸ್.

ಭಾನುವಾರ ಮೆಕ್ಯಾನಿಕ್ ಬಂದು ಬಿಚ್ಚಿದರು. ನಮ್ಮದು ಬೋರ್‌ವೆಲ್ ನೀರು, ಗಡಸು ಜಾಸ್ತಿ. ಕಾಯಿಲ್ ಮೇಲೆ ಬೆರಳು ದಪ್ಪ ಬಿಳಿ ಸುಣ್ಣ ಕೂತಿತ್ತು. ಶಾಖ ನೀರಿಗೆ ತಲುಪುವುದೇ ಕಷ್ಟ. ಅಷ್ಟೇ ಆಗಿದ್ದರೆ ಕಾಯಿಲ್, ಥರ್ಮೋಸ್ಟಾಟ್ ಬದಲಿಸಿದರೆ ಸಾಕಿತ್ತು, 1,500 ರೂಪಾಯಿ ಒಳಗೆ ಮುಗಿಯುತ್ತಿತ್ತು. ನನ್ನ ಮನಸ್ಸೂ ಅತ್ತಲೇ ಇತ್ತು. ಆದರೆ ಹನಿ ಬರುತ್ತಿದ್ದದ್ದು ಗ್ಯಾಸ್ಕೆಟ್‌ನಿಂದ (ನೀರು ಸೋರದಂತೆ ಜೋಡಣೆಯಲ್ಲಿ ಹಾಕುವ ರಬ್ಬರ್ ರಿಂಗ್) ಅಲ್ಲ. ಒಳಗಿನ ಟ್ಯಾಂಕೇ ತುಕ್ಕು ಹಿಡಿದು ತೂತಾಗಿತ್ತು. ತುಕ್ಕು ತಡೆಯಲು ಇರುವ ಮೆಗ್ನೀಸಿಯಂ ರಾಡ್ ಪೂರ್ತಿ ಕರಗಿ ಬರೀ ತಂತಿ ಉಳಿದಿತ್ತು. 11 ವರ್ಷದಲ್ಲಿ ಒಮ್ಮೆಯೂ ಅದನ್ನು ಬದಲಿಸಿರಲಿಲ್ಲ. ತೂತಾದ ಟ್ಯಾಂಕಿಗೆ ಬೆಸುಗೆ ಹಾಕಿದರೂ ನಿಲ್ಲುವುದಿಲ್ಲ ಅಂದರು. ಹಾಗಾಗಿ ಹೊಸದು ತಂದೆವು.

ಇನ್ನೊಂದು ಮುಖ್ಯ ವಿಷಯ. ಹಳೇ ಪ್ಲಗ್ ಪಾಯಿಂಟಿನಲ್ಲಿ, ಶಾಕ್ ಹೊಡೆಯದಂತೆ ಕಾಯುವ ಅರ್ಥಿಂಗ್ ವೈರೇ ಕಡಿದುಹೋಗಿತ್ತು! ಅವ್ವ ದಿನಾ ಅದೇ ನೀರಲ್ಲಿ ಸ್ನಾನ ಮಾಡುತ್ತಿದ್ದಳು. ನೆನೆಸಿಕೊಂಡರೆ ಎದೆ ಝಲ್ಲೆನ್ನುತ್ತದೆ. ದಯವಿಟ್ಟು ನಿಮ್ಮ ಮನೆಯದ್ದೂ ಒಮ್ಮೆ ನೋಡಿಸಿ.

ಹೊಸದನ್ನು 55 ಡಿಗ್ರಿಗೆ ಇಟ್ಟಿದ್ದೇವೆ. ಜಾಸ್ತಿ ಬಿಸಿ ಮಾಡಿದಷ್ಟೂ ಸುಣ್ಣ ಬೇಗ ಕೂರುತ್ತದೆ. ಏಪ್ರಿಲ್, ಮೇನಲ್ಲಿ ಇಲ್ಲಿ ಮಾಳಿಗೆ ಟ್ಯಾಂಕಿನ ನೀರೇ ಸುಡುತ್ತದೆ ಅಲ್ವಾ, ಆಗ ಗೀಸರ್ ಬೇಕಾಗುವುದಿಲ್ಲ. ಆ ಬಿಡುವಿನಲ್ಲೇ ಪ್ರತಿ ವರ್ಷ ರಾಡ್ ನೋಡಿಸಿ ಸುಣ್ಣ ತೆಗೆಸಬೇಕು ಅಂತ ಕ್ಯಾಲೆಂಡರಿನಲ್ಲಿ ಬರೆದಿಟ್ಟಿದ್ದೇನೆ.