ಗಿಲ್‌ರೇ, ಟೆನಿಯಲ್ ವ್ಯಂಗ್ಯಚಿತ್ರಗಳ ಪ್ರಿಂಟ್: ಗೆರೆ ಕಲಸಿಹೋಗುವುದೇಕೆ?

ಗೋಡೆಮೊಳೆ: ಬ್ರಿಟಿಷ್ ಪ್ರಧಾನಿ ಪಿಟ್, ನೆಪೋಲಿಯನ್ ಇಬ್ಬರೂ ಭೂಗೋಳವನ್ನು ಕಡುಬಿನಂತೆ ಕೊಯ್ಯುವ ಗಿಲ್‌ರೇ ಚಿತ್ರ (1805), ಜರ್ಮನ್ ಚಾನ್ಸಲರ್ ಬಿಸ್ಮಾರ್ಕ್ ಹಡಗಿನಿಂದಿಳಿಯುವ ಟೆನಿಯಲ್ ಚಿತ್ರ (ಇಂಗ್ಲಿಷ್ ಪತ್ರಿಕೆ ‘ಪಂಚ್’, 1890) ಎರಡನ್ನೂ ಎ3 ಅಳತೆಯಲ್ಲಿ ಪ್ರಿಂಟ್ ಮಾಡಿಸಿದೆ. ಗೆರೆಗಳೆಲ್ಲ ಮಸಿಯಾಗಿವೆ. ವ್ಯಂಗ್ಯಚಿತ್ರಕಾರ ಆರ್.ಕೆ. ಲಕ್ಷ್ಮಣ್ ಅವರದ್ದೂ ಒಂದು ಹಾಕಬೇಕೆಂದಿದ್ದೇನೆ.

ಮಸಿಕುಡಿಕೆ: ಫೈಲ್ ಚಿಕ್ಕದಿರಬೇಕು. ಎ3ಗೆ 300 ಡಿಪಿಐ (ಇಂಚಿಗೆ 300 ಚುಕ್ಕೆ) ಅಂದರೆ ಸುಮಾರು 3508×4961 ಪಿಕ್ಸೆಲ್. ಟೆನಿಯಲ್‌ದು ಮರದಚ್ಚಿನ ಕೆಲಸ, ಒತ್ತೊತ್ತಾದ ಸಣ್ಣ ಗೆರೆಗಳು. ವಾಟ್ಸ್ಯಾಪ್‌ನಲ್ಲಿ ಫೋಟೋ ಆಗಿ ಕಳಿಸಿದರೆ ಕುಗ್ಗಿ ಹಾಳಾಗುತ್ತವೆ. ಟಿಫ್ (TIFF) ಫೈಲನ್ನು ಪೆನ್‌ಡ್ರೈವ್‌ನಲ್ಲೇ ಕೊಡಿ. ಹೊಳೆಯುವ ಕಾಗದ ಬೇಡವೇ ಬೇಡ, ಮ್ಯಾಟ್ ಇರಲಿ. ಫೈಲಿನಲ್ಲಿ ಹಳೆ ಕಾಗದದ ಹಳದಿ ಬಣ್ಣವನ್ನು ಪೂರ್ತಿ ತೆಗೆದು ಬಿಳಿ ಮಾಡಬೇಡಿ, ಜೀವ ಹೋಗುತ್ತದೆ.

ಚೌಕಟ್ಟು: ಗಾಜು ಚಿತ್ರಕ್ಕೆ ತಾಗಿದರೆ ಮಳೆಗಾಲದಲ್ಲಿ ಅಂಟಿಕೊಳ್ಳುತ್ತದೆ. ನಡುವೆ ಆಮ್ಲರಹಿತ ಮೌಂಟ್ ಬೋರ್ಡ್ (ಚಿತ್ರದ ಸುತ್ತ ಕೂರುವ ದಪ್ಪ ರಟ್ಟು) ಹಾಕಿಸಿ, ಸುತ್ತ 2 ಇಂಚು ಅಂಚು ಬಿಡಿ. ಸೆಲ್ಲೋಟೇಪ್ ಕಂದುಗಟ್ಟುತ್ತದೆ, ಚಿತ್ರ ಹಿಡಿಸಲು ಮೇಲಂಚಿನಲ್ಲಿ ಮಾತ್ರ ಎರಡು ಕಾಗದದ ಪಟ್ಟಿ, ಗೋಧಿ ಪಿಷ್ಟದ ಅಂಟು ಸಾಕು. ನಾಲ್ಕೂ ಬದಿ ಅಂಟಿಸಿದರೆ ಕಾಗದ ಹಿಗ್ಗಲು ಜಾಗವಿಲ್ಲದೆ ಅಲೆಅಲೆಯಾಗುತ್ತದೆ. ಮಳೆ ಹೊಡೆಯುವ ಹೊರಗೋಡೆಗೆ ತೂಗುಹಾಕಬೇಡಿ.

ಮಸಿಕುಡಿಕೆ: ಲಕ್ಷ್ಮಣ್ ತೀರಿಕೊಂಡದ್ದು 2015ರಲ್ಲಿ. ಭಾರತದಲ್ಲಿ ಹಕ್ಕುಸ್ವಾಮ್ಯ ಮರಣಾನಂತರ 60 ವರ್ಷ. ಅನುಮತಿಯಿಲ್ಲದೆ ಪ್ರಿಂಟ್ ಹಾಕಿಸಬೇಡಿ. ಹಳೆಯ ಪತ್ರಿಕೆಯ ಪುಟ ಸಿಕ್ಕರೆ ಅದಕ್ಕೇ ಫ್ರೇಮ್ ಹಾಕಿಸಿ.